ಬಂಡುಕೋರರ ತಲೆ ಎಣಿಸಲು ಹೋಗಿ, ಕೋವಿ ಎಣಿಸಿದೆ

ಕ್ಯೂಬಾ ಕ್ರಾಂತಿಯಲ್ಲಿ ಫಿಡೆಲ್ ಕ್ಯಾಸ್ಟ್ರೊ ಜೊತೆ ಎಷ್ಟು ಜನ ಗೆರಿಲ್ಲಾಗಳಿದ್ದರು? ನನ್ನ ಸಂಶೋಧನೆಗೆ ಈ ಒಂದು ಸಂಖ್ಯೆ ಬೇಕಿತ್ತು. ಒಂದು ಸಂಜೆಯ ಕೆಲಸ ಅಂದುಕೊಂಡಿದ್ದು ತಿಂಗಳುಗಟ್ಟಲೆ ಹಿಡಿಯಿತು.

ಮೊದಲು ದಳಗಳ ಕ್ರಮಸಂಖ್ಯೆ ಹಿಡಿದು, ಒಂದೊಂದರಲ್ಲಿ ಇಷ್ಟು ಜನ ಎಂದು ಗುಣಿಸಿದೆ. ಚೆ ಗೆವಾರಾಗೆ 1957ರಲ್ಲಿ ವಹಿಸಿದ ದಳಕ್ಕೆ ನಾಲ್ಕನೇ ದಳ ಎಂದು ಹೆಸರು. ಅದಕ್ಕೂ ಮುಂಚೆ ಮೂರು ಇದ್ದಿರಬೇಕಲ್ಲ? ಇರಲಿಲ್ಲ. ಅದು ಎರಡನೆಯದು, ಪಡೆ ದೊಡ್ಡದಿದೆ ಎಂದು ಶತ್ರು ನಂಬಲಿ ಅಂತಲೇ ನಾಲ್ಕು ಎಂದು ಕರೆದಿದ್ದರು. ಆ ಲೆಕ್ಕವನ್ನು ಪೂರ್ತಿ ಕೈಬಿಟ್ಟೆ.

ಕಣ್ಣಾರೆ ಕಂಡವರ ಮಾತೂ ಅಷ್ಟೇ ಜಾರುವ ನೆಲ. 1957ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಹರ್ಬರ್ಟ್ ಮ್ಯಾಥ್ಯೂಸ್ ಕ್ಯಾಸ್ಟ್ರೊ ಅಡಗಿದ್ದ ಸಿಯೆರಾ ಮಾಯೆಸ್ತ್ರಾ ಬೆಟ್ಟಕ್ಕೆ ಹೋದಾಗ ಅಲ್ಲಿದ್ದವರು ಇಪ್ಪತ್ತರ ಆಸುಪಾಸು. ಮಾತುಕತೆಯ ನಡುವೆ ಇಲ್ಲದ ಇನ್ನೊಂದು ದಳದಿಂದ ಸುದ್ದಿ ತಂದವನಂತೆ ಒಬ್ಬನನ್ನು ಒಳಗೆ ಕಳಿಸಲಾಯಿತು. ಮ್ಯಾಥ್ಯೂಸ್ ಪಡೆಯನ್ನು ಇದ್ದದ್ದಕ್ಕಿಂತ ಬಹಳ ದೊಡ್ಡದೆಂದು ಬರೆದರು. ಅವರನ್ನು ದೂರಲು ನನಗೆ ಮನಸ್ಸಿಲ್ಲ; ಆ ಕಾಡಿನಲ್ಲಿ ಕೂತು ಬೇರೆ ರೀತಿ ಎಣಿಸುವುದು ಸಾಧ್ಯವಿರಲಿಲ್ಲ.

ದಾರಿ ಸಿಕ್ಕಿದ್ದು ಪ್ರಶ್ನೆ ಬದಲಿಸಿದಾಗ. ‘ಎಷ್ಟು ಜನ’ ಎನ್ನುವುದನ್ನು ಬಿಟ್ಟು, ‘ಯಾವ ದಿನ, ಎಷ್ಟು ಕೋವಿ’ ಎಂದು ಕೇಳತೊಡಗಿದೆ. ಬೆಟ್ಟ ಹತ್ತಲು ಸಿದ್ಧರಿದ್ದ ಹುಡುಗರಿಗೆ ಕೊರತೆಯಿರಲಿಲ್ಲ, ಆಯುಧಕ್ಕಿತ್ತು. 1957ರ ಮಾರ್ಚ್‌ನಲ್ಲಿ ಸ್ಯಾಂಟಿಯಾಗೊ ನಗರದಿಂದ ಅಲ್ಲಿನ ಗುಪ್ತ ಸಂಘಟನೆಯ ನಾಯಕ ಫ್ರಾಂಕ್ ಪಾಯಿಸ್ ಕಳಿಸಿದ ಸುಮಾರು 50 ಜನರಲ್ಲೇ ಎಲ್ಲರ ಕೈಯಲ್ಲೂ ಕೋವಿ ಇರಲಿಲ್ಲ. ಹಾಗಾಗಿ ಕೋವಿ ಹಿಡಿದವರು, ಬರಿಗೈಯಲ್ಲಿ ತರಬೇತಿಗೆ ಕಾದವರು, ನಗರಗಳಲ್ಲಿ ಗುಪ್ತವಾಗಿ ದುಡಿದವರು ಎಂದು ಮೂರು ಕಾಲಂ ಮಾಡಿ, ಮೊದಲನೆಯದನ್ನು ಮಾತ್ರ ಸೈನ್ಯ ಎಂದೆ. ನಗರದವರು ಪಟ್ಟ ಪಾಡು ಕಡಿಮೆಯದಲ್ಲ, ಆದರೆ ಅದು ಬೇರೆಯೇ ಲೆಕ್ಕ.

ಆಮೇಲೆ ತಾರೀಖುಗಳು ತಾವಾಗಿ ಸಾಲು ಹಿಡಿದವು. 1956ರ ಡಿಸೆಂಬರ್ 2ರಂದು ಗ್ರಾನ್ಮಾ ದೋಣಿಯಿಂದ ಕ್ಯೂಬಾ ತೀರಕ್ಕೆ ಇಳಿದವರು ಕ್ಯಾಸ್ಟ್ರೊ ಸೇರಿ 82. ಮೂರು ದಿನಗಳ ನಂತರ ಸರ್ಕಾರಿ ಸೇನೆ ನಡೆಸಿದ ದಾಳಿಯಿಂದ ತಪ್ಪಿಸಿಕೊಂಡು ಮತ್ತೆ ಒಟ್ಟು ಸೇರಿದವರು ಸುಮಾರು 20. 1957ರ ಮೇ 28ರ ಎಲ್ ಉವೇರೊ ಕಾಳಗದಲ್ಲಿ ಸುಮಾರು 80. 1958ರ ಬೇಸಿಗೆಯಲ್ಲಿ ಕ್ಯೂಬಾದ ಸರ್ವಾಧಿಕಾರಿ ಬಟಿಸ್ಟಾನ ಸುಮಾರು 10,000 ಸೈನಿಕರು ಬೆಟ್ಟ ಮುತ್ತಿದಾಗ ಸುಮಾರು 300.

ಈ 300ರ ಹತ್ತಿರ ಮತ್ತೆ ಎಡವಿದೆ. ಅದನ್ನೇ ಇಡೀ ಪಡೆ ಎಂದು ಬರೆದುಕೊಂಡಿದ್ದೆ. ಅದು ಸಿಯೆರಾ ಮಾಯೆಸ್ತ್ರಾದ ಲೆಕ್ಕ ಮಾತ್ರ. ಫಿಡೆಲ್‌ನ ತಮ್ಮ ರೌಲ್ ಕ್ಯಾಸ್ಟ್ರೊ ಆ ವರ್ಷದ ಮಾರ್ಚ್‌ನಲ್ಲೇ ಬೇರೆ ಬೆಟ್ಟಸಾಲಿಗೆ ಹೋಗಿ ಎರಡನೇ ರಣರಂಗ ತೆರೆದಿದ್ದ; ಅಲ್ಲಿನವರು ಇದರೊಳಗಿಲ್ಲ. ಅಂದಿನಿಂದ ಪ್ರತಿ ಸಂಖ್ಯೆಯ ಪಕ್ಕ ತಾರೀಖಿನ ಜೊತೆಗೆ ಸ್ಥಳವನ್ನೂ ಬರೆಯುತ್ತೇನೆ.

ಕೊನೆಯ ವಾರಗಳಿಗೆ ಒಂದೇ ಅಂಕಿ ಕೊಡಲು ನಾನು ಒಪ್ಪಲಿಲ್ಲ. 1958ರ ಡಿಸೆಂಬರ್‌ನಲ್ಲಿ ಒಂದೊಂದು ಸೇನಾ ಠಾಣೆ ಶರಣಾದಾಗಲೂ ಅಲ್ಲಿನ ಕೋವಿಗಳು ಕಾದಿದ್ದವರ ಕೈ ಸೇರುತ್ತಿದ್ದವು. ಬೆಳಿಗ್ಗೆ ಎರಡನೇ ಕಾಲಂನಲ್ಲಿದ್ದ ಹುಡುಗ ಸಂಜೆಗೆ ಮೊದಲನೆಯದರಲ್ಲಿರುತ್ತಿದ್ದ. ಆ ತಿಂಗಳಿಗೆ ಕನಿಷ್ಠ, ಗರಿಷ್ಠ ಎಂದು ಎರಡು ಅಂಕಿ ಕೊಟ್ಟು, 1959ರ ಜನವರಿ 1ರಂದು ಬಟಿಸ್ಟಾ ದೇಶ ಬಿಟ್ಟು ಓಡಿದ ದಿನಕ್ಕೆ ಎಣಿಕೆ ನಿಲ್ಲಿಸಿದೆ.