ನಿದ್ದೆಯನ್ನು ಬೆಳಗಿನಿಂದ ಸರಿಪಡಿಸಿದೆವು: ನನ್ನ ಅನುಭವ

ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ನಮ್ಮದು ಒಂದು ಹಾಲ್, ಒಂದು ಬೆಡ್‌ರೂಮ್ ಮತ್ತು ಒಂದು ಅಡುಗೆಮನೆಯ ಸಂಸಾರ. ಅದರಲ್ಲಿ ನಾನು, ನಮ್ಮ ಯಜಮಾನರು, ಏಳು ವರ್ಷದ ಮಗಳು ಮತ್ತು ಅತ್ತೆ, ಹೀಗೆ ನಾಲ್ವರು ನಾಲ್ಕು ಹೊತ್ತಿಗೆ ಮಲಗಿ ನಾಲ್ಕು ಹೊತ್ತಿಗೆ ಏಳುತ್ತಿದ್ದೆವು. ಯಜಮಾನರು ಠಾಣೆಯ ಒಂದು ಉಡುಪಿ ಹೋಟೆಲಿನಲ್ಲಿ ಪಾಲುದಾರರಾಗಿರುವುದರಿಂದ ಬೆಳಿಗ್ಗೆ ಹತ್ತಕ್ಕೆ ಹೊರಟವರು ಮನೆ ಸೇರುವುದು ರಾತ್ರಿ ಹನ್ನೊಂದಕ್ಕೆ. ಅಪ್ಪನ ಮುಖ ನೋಡದೆ ಮಲಗಲಾರೆ ಎಂದು ಮಗಳು ಕಾಯುತ್ತಿದ್ದಳು; ಅವಳು ಕಣ್ಣುಮುಚ್ಚುವಾಗ ಹನ್ನೊಂದೂವರೆ ಆಗುತ್ತಿತ್ತು. ನನಗೋ ಹಾಸಿಗೆಗೆ ಬಿದ್ದ ಮೇಲೆ ರಾತ್ರಿ ಒಂದು ಗಂಟೆಯವರೆಗೂ ನಿದ್ದೆ ಹತ್ತುತ್ತಿರಲಿಲ್ಲ. ಅತ್ತೆಗೆ ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ.

2024ರ ಫೆಬ್ರವರಿಯಲ್ಲಿ ಮಹಾರಾಷ್ಟ್ರ ಸರಕಾರವು ಪೂರ್ವ ಪ್ರಾಥಮಿಕದಿಂದ ನಾಲ್ಕನೆಯ ತರಗತಿಯವರೆಗಿನ ಶಾಲೆಗಳು ಬೆಳಿಗ್ಗೆ 9 ಗಂಟೆಗೆ ಮೊದಲು ಆರಂಭವಾಗಬಾರದೆಂದು ಆದೇಶ ಹೊರಡಿಸಿದಾಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಮಕ್ಕಳಿಗೆ ಸಾಕಷ್ಟು ನಿದ್ದೆ ಸಿಗಬೇಕೆಂಬುದೇ ಅದರ ಉದ್ದೇಶವಾಗಿತ್ತು. ಆಗಿನ ರಾಜ್ಯಪಾಲರಾದ ರಮೇಶ್ ಬೈಸ್ ಅವರು ಅದಕ್ಕೂ ಮೊದಲೇ, 2023ರ ಡಿಸೆಂಬರಿನಲ್ಲಿ, ಈ ಮಾತನ್ನು ಎತ್ತಿದ್ದರು. ಆದರೆ ಜೂನ್‌ನಲ್ಲಿ ಶಾಲೆ ತೆರೆದು ಎರಡು ತಿಂಗಳಾಗುವಷ್ಟರಲ್ಲಿ ನಮ್ಮ ಮನೆಯಲ್ಲಿ ಆದದ್ದೇ ಬೇರೆ. ಬೆಳಿಗ್ಗೆ ಬೇಗ ಏಳಬೇಕಾಗಿಲ್ಲವೆಂಬ ಧೈರ್ಯದಿಂದ ರಾತ್ರಿಯ ಊಟ, ಟಿವಿ, ಮಾತುಕತೆ ಎಲ್ಲವೂ ಅಷ್ಟಷ್ಟೇ ತಡವಾಗತೊಡಗಿದವು. ಆದೇಶದಿಂದ ದೊರೆತ ಎರಡು ಗಂಟೆಗಳನ್ನು ನಾವು ಬೆಳಗಿನ ಕಡೆಯಿಂದ ಪಡೆದು ರಾತ್ರಿಯ ಕಡೆಯಿಂದ ಕಳೆದುಕೊಂಡೆವು. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆಗಳ ನಿದ್ದೆ ಬೇಕೆಂದು ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2016ರಲ್ಲಿ ಹೇಳಿದೆ. ನನ್ನ ಮಗಳಿಗೆ ಸಿಗುತ್ತಿದ್ದುದು ಎಂಟು ಗಂಟೆ.

ಈ ನಡುವೆ ನಾನು ಮಾಡಿದ ಒಂದು ತಪ್ಪನ್ನು ಹೇಳಲೇಬೇಕು. ಪರಿಚಯದವರೊಬ್ಬರ ಮಾತು ಕೇಳಿ ಮೂರು ರಾತ್ರಿ ಮಗಳಿಗೆ ಹಾಲಿನಲ್ಲಿ ಜಾಯಿಕಾಯಿ ತೇದು ಕುಡಿಸಿದೆ. ಮೂರನೆಯ ರಾತ್ರಿ ತೇದದ್ದು ಹೆಚ್ಚಾಗಿರಬೇಕು, ಮರುದಿನ ಮಗು ಮಧ್ಯಾಹ್ನದವರೆಗೂ ಮಂಕಾಗಿದ್ದು ಎರಡು ಸಲ ವಾಂತಿ ಮಾಡಿಕೊಂಡಿತು. ಜಾಯಿಕಾಯಿಯಲ್ಲಿ ಮಿರಿಸ್ಟಿಸಿನ್ ಎಂಬ ಅಂಶವಿದ್ದು ಪ್ರಮಾಣ ಮೀರಿದರೆ ವಿಷವಾಗುತ್ತದೆಂದು ಮಕ್ಕಳ ವೈದ್ಯರು ವಿವರಿಸಿದರು. ಅಡುಗೆಮನೆಯ ಡಬ್ಬಿಯಲ್ಲಿರುವ ವಸ್ತುವೆಂಬ ಕಾರಣಕ್ಕೆ ಅದು ನಿರಪಾಯಕಾರಿಯಾಗುವುದಿಲ್ಲ. ನಿದ್ದೆ ಬರಲೆಂದು ಪುಟ್ಟ ಮಕ್ಕಳಿಗೆ ಗಸಗಸೆಯನ್ನು ಕೊಡುವುದೂ, ಒಂದು ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸುವುದೂ ಅಪಾಯವೇ. ಅಂದಿನಿಂದ ನಾನು ನಿದ್ದೆಗೆಂದು ಯಾವುದನ್ನೂ ಹೊಟ್ಟೆಗೆ ಹಾಕುವ ಯೋಚನೆಯನ್ನು ಬಿಟ್ಟು, ದಿನವನ್ನು ಹೇಗೆ ಕಳೆಯುತ್ತಿದ್ದೇವೆ ಎಂಬುದನ್ನು ನೋಡತೊಡಗಿದೆ.

ದೀಪಾವಳಿ ರಜೆ ಮುಗಿದ ಮೇಲೆ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಎರಡು ವಾರ ನಾಲ್ವರ ಲೆಕ್ಕವನ್ನೂ ಬರೆದೆ. ಮಲಗಿದ ಹೊತ್ತು, ನಿದ್ದೆ ಹತ್ತಿರಬಹುದಾದ ಹೊತ್ತು, ಎದ್ದ ಹೊತ್ತು, ಹಗಲಿನಲ್ಲಿ ಕಣ್ಣು ಮುಚ್ಚಿದ್ದು, ಚಹಾ ಕುಡಿದದ್ದು, ಇಷ್ಟೇ. ಬರೆದು ನೋಡಿದಾಗ ಕಣ್ಣಿಗೆ ಹೊಡೆದದ್ದು ರಾತ್ರಿಯಲ್ಲ, ಬೆಳಗು. ಮಗಳು ವಾರದ ದಿನ ಏಳೂವರೆಗೆ ಎದ್ದರೆ ಭಾನುವಾರ ಹತ್ತಕ್ಕೆ ಏಳುತ್ತಿದ್ದಳು. ಭಾನುವಾರ ಹತ್ತಕ್ಕೆ ಎದ್ದ ಮಗುವಿಗೆ ಆ ರಾತ್ರಿ ಹನ್ನೆರಡಾದರೂ ನಿದ್ದೆ ಬರುವುದಿಲ್ಲ, ಸೋಮವಾರದ ಅಳು ಅಲ್ಲಿಂದಲೇ ಆರಂಭ.

ಇದರ ಹಿಂದಿನ ಕಾರಣ ನನಗೆ ಅರ್ಥವಾದದ್ದು ಹೀಗೆ. ನಮ್ಮನ್ನು ನಿದ್ದೆಗೆ ಎಳೆಯುವವು ಎರಡು. ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೊಸಿನ್ ಎಂಬ ದ್ರವ್ಯ ಕೂಡುತ್ತಾ ನಿದ್ದೆಯ ಒತ್ತಡ ಹೆಚ್ಚುತ್ತದೆ. ಇನ್ನೊಂದು ಕಡೆ ದೇಹದೊಳಗಿನ ಗಡಿಯಾರ ಯಾವಾಗ ಮಲಗಬೇಕು, ಯಾವಾಗ ಏಳಬೇಕು ಎಂದು ಹೇಳುತ್ತಿರುತ್ತದೆ. ಈ ಗಡಿಯಾರದ ಒಳಗಿನ ಕೆಲಸವನ್ನು ಬಿಡಿಸಿ ತೋರಿಸಿದ್ದಕ್ಕಾಗಿಯೇ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರ ನೊಬೆಲ್ ಬಂದಿತು. ಆ ಗಡಿಯಾರಕ್ಕೆ ದಿನವೂ ಕೀಲಿ ಕೊಡುವುದು ಬೆಳಗಿನ ಬೆಳಕು. ಆದ್ದರಿಂದ ನಾವು ಮಲಗುವ ಹೊತ್ತನ್ನು ಮೊದಲು ಮುಟ್ಟಲೇ ಇಲ್ಲ; ಭಾನುವಾರವೂ ಸೇರಿ ಮಗಳು 6:45ಕ್ಕೆ ಏಳಬೇಕೆಂದು ಗೊತ್ತುಮಾಡಿದೆವು.

ಅಪ್ಪನಿಗಾಗಿ ಕಾಯುವ ಪ್ರಶ್ನೆಗೂ ಅಲ್ಲೇ ಉತ್ತರ ಸಿಕ್ಕಿತು. ರಾತ್ರಿ ಹನ್ನೊಂದರ ಹತ್ತು ನಿಮಿಷದ ಬದಲು ಬೆಳಿಗ್ಗೆ ಏಳರಿಂದ ಅರ್ಧ ಗಂಟೆ ಅಪ್ಪ ಅವಳಿಗೇ ಮೀಸಲು ಎಂದು ಯಜಮಾನರು ಮಾತು ಕೊಟ್ಟರು, ತಮ್ಮ ನಿದ್ದೆ ಬಿಟ್ಟು ಕೊಟ್ಟ ಮಾತು ಅದು. ಹಾಲಿನ ಪ್ಯಾಕೆಟ್ ತರಲು ಇಬ್ಬರೂ ಕೈಹಿಡಿದು ಕೆಳಗಿಳಿಯುತ್ತಾರೆ. ಮೊದಲ ದಿನ ನಾನು ಕಿಟಕಿಯಿಂದ ನೋಡುತ್ತಿದ್ದೆ: ಹಿಂದಿನ ದಿನ ಶಾಲೆಯಲ್ಲಿ ಯಾರೋ ಪೆನ್ಸಿಲ್ ಮುರಿದ ಕಥೆಯನ್ನು ಹೇಳುತ್ತಾ ಅವಳು ಮೂರು ಹೆಜ್ಜೆಗೊಮ್ಮೆ ನಿಂತುಬಿಡುತ್ತಿದ್ದಳು, ಅವರೂ ನಿಂತು ಕೇಳುತ್ತಿದ್ದರು, ಎಳೆಬಿಸಿಲು ಇಬ್ಬರ ಮುಖದ ಮೇಲೂ ಬಿದ್ದಿತ್ತು. ಹಾಲಿನ ಅಂಗಡಿ ಐದು ನಿಮಿಷದ ದಾರಿ. ಅಂದು ಅವರು ಬರುವಾಗ ಏಳೂವರೆ. ಜನವರಿಯಲ್ಲಿ ಮುಂಬಯಿಯ ಸೂರ್ಯ ಹುಟ್ಟುವುದೇ 7 ಗಂಟೆ ದಾಟಿದ ಮೇಲಾದ್ದರಿಂದ ಆ ತಿಂಗಳು ಮಾತ್ರ ಹದಿನೈದು ನಿಮಿಷ ತಡವಾಗಿ ಇಳಿಯುತ್ತಾರೆ.

ಮಲಗುವ ಹೊತ್ತನ್ನು ಹಿಂದಕ್ಕೆ ತಂದದ್ದು ನಿಧಾನವಾಗಿ. ನಿದ್ದೆ ಬಾರದ ಮಗುವನ್ನು ಒಂಬತ್ತಕ್ಕೇ ಹಾಸಿಗೆಗೆ ಕಳುಹಿಸಿದರೆ ಎರಡು ಗಂಟೆ ಹೊರಳಾಡಿ, ಹಾಸಿಗೆಯೆಂದರೆ ಜಗಳದ ಜಾಗವೆಂದು ಕಲಿಯುತ್ತದೆ. ನಾನು ಅವಳಿಗೆ ನಿಜವಾಗಿ ನಿದ್ದೆ ಬರುತ್ತಿದ್ದ ಹೊತ್ತಿನ ಹತ್ತಿರವೇ, ಅಂದರೆ 11:15ಕ್ಕೆ, ಮಲಗಿಸಲು ಆರಂಭಿಸಿ ಮೂರು ದಿನಕ್ಕೊಮ್ಮೆ ಹದಿನೈದು ನಿಮಿಷ ಹಿಂದಕ್ಕೆ ತಂದೆ. ಎಂಟು ಹೆಜ್ಜೆಗಳಲ್ಲಿ, ಮೂರೂವರೆ ವಾರದಲ್ಲಿ, 9:15ಕ್ಕೆ ಬಂದು ನಿಂತಿತು. ಒಂದು ಸಲ ನೆಂಟರು ಬಂದು ತಪ್ಪಿದಾಗಲೂ ಬೆಳಗಿನ 6:45ನ್ನು ಬಿಡಲಿಲ್ಲ.

ಸಂಜೆಯ ಕ್ರಮವನ್ನು ಅತ್ತೆ ವಹಿಸಿಕೊಂಡರು. ಏಳೂವರೆಗೆ ಅರ್ಧ ಬಕೆಟ್ ಬೆಚ್ಚನೆಯ ನೀರಿನ ಸ್ನಾನ, ನಾನು ಬಂದ ಮೇಲೆ ಎಂಟಕ್ಕೆ ಅನ್ನ, ಸಾರು, ಪಲ್ಯದ ಊಟ, ಮುಕ್ಕಾಲು ಗಂಟೆಯ ಬಳಿಕ ಹಾಲ್‌ನ ಟ್ಯೂಬ್‌ಲೈಟ್ ಆರಿಸಿ ಮೂಲೆಯ ಹಳದಿ ದೀಪ ಮಾತ್ರ. ಬೆಚ್ಚನೆಯ ಸ್ನಾನದಿಂದ ಕೈಕಾಲುಗಳ ರಕ್ತನಾಳಗಳು ಹಿಗ್ಗಿ ಮೈಯೊಳಗಿನ ಶಾಖ ಹೊರಗೆ ಹೋಗುತ್ತದೆ; ನಿದ್ದೆಗೆ ಮುನ್ನ ಒಳಗಿನ ಉಷ್ಣತೆ ಇಳಿಯಬೇಕಾದ್ದರಿಂದ ಮಲಗುವುದಕ್ಕೆ ಒಂದೆರಡು ಗಂಟೆ ಮೊದಲು ಮಾಡಿದ ಸ್ನಾನವೇ ಹೆಚ್ಚು ಪ್ರಯೋಜನಕಾರಿ. ಬೆಳಕಿನ ವಿಷಯದಲ್ಲಿ ಮಕ್ಕಳು ನಮಗಿಂತ ಸೂಕ್ಷ್ಮ. ಅವರ ಕಣ್ಣಿನ ಪಾಪೆ ದೊಡ್ಡದು, ಮಸೂರ ತಿಳಿ. ನಮಗೆ ಏನೂ ಅನ್ನಿಸದ ಟ್ಯೂಬ್‌ಲೈಟ್ ಅವರಲ್ಲಿ ನಿದ್ದೆಯ ಹೊತ್ತನ್ನು ಸೂಚಿಸುವ ಮೆಲಟೋನಿನ್ ಎಂಬ ಹಾರ್ಮೋನು ಸ್ರವಿಸುವುದನ್ನು ತಡೆಯಬಲ್ಲದು. ಪಕ್ಕದ ಕಟ್ಟಡದ ಗೇಟಿನ ದೀಪ ನಮ್ಮ ಕಿಟಕಿಗೆ ನೇರವಾಗಿ ಬೀಳುತ್ತಿದ್ದುದಕ್ಕೆ ಹಳೆಯ ದಪ್ಪ ಚಾದರವನ್ನೇ ಮಡಚಿ ಹೊಲಿದು ಪರದೆ ಮಾಡಿದೆ. ಹಾಲು ಕುಡಿದರೆ ನಿದ್ದೆ ಬರುತ್ತದೆ ಎಂಬ ಮಾತಿಗೆ ದೊಡ್ಡ ಆಧಾರವಿಲ್ಲ, ಆದರೂ ಆ ಲೋಟ ಖಾಲಿಯಾದರೆ ಇನ್ನು ಅಜ್ಜಿಯ ಕಥೆ ಎಂಬುದು ಮಗುವಿಗೆ ತಿಳಿದಿದೆ. ಆ ಗುರುತೇ ಮುಖ್ಯವೆಂದು ನನ್ನ ಅಭಿಪ್ರಾಯ.

ಹಾಲ್‌ನಲ್ಲೇ ಮಗು ಮಲಗುವುದು, ಅಲ್ಲೇ ಟಿವಿ. ಹತ್ತೂವರೆಯವರೆಗೆ ಕನ್ನಡ ಧಾರಾವಾಹಿ ನೋಡುವುದು ಅತ್ತೆಯ ದಿನದ ಒಂದೇ ಸಂತೋಷವಾಗಿದ್ದುದರಿಂದ ಅದನ್ನು ನಿಲ್ಲಿಸಿ ಎನ್ನಲು ನನಗೆ ಬಾಯಿ ಬರಲಿಲ್ಲ. ನೋಟ್‌ಬುಕ್ಕಿನ ಪುಟಗಳನ್ನು ಅವರ ಮುಂದೆ ಓದಿದೆ, ಅಷ್ಟೆ. ಎರಡು ದಿನ ಬಿಟ್ಟು ಅವರೇ, “ಮಧ್ಯಾಹ್ನ ಮತ್ತೆ ಹಾಕ್ತಾರಲ್ಲ, ನಾನು ಆಗ ನೋಡ್ತೇನೆ. ಮಗು ಮಲಗಲಿ,” ಎಂದರು. ಇದರಿಂದ ನಾನು ಎಣಿಸದ ಲಾಭವೊಂದು ಆಯಿತು. ಊಟವಾದ ಮೇಲೆ ಅವರು ಎರಡು ಗಂಟೆ ಮಲಗುತ್ತಿದ್ದರು. ಈಗ ಆ ಹೊತ್ತಿಗೆ ಧಾರಾವಾಹಿ ಇರುವುದರಿಂದ ನಿದ್ದೆ ಅರ್ಧ ಗಂಟೆಗೆ ಇಳಿಯಿತು, ಹಗಲಿನಲ್ಲಿ ಕರಗಿಹೋಗುತ್ತಿದ್ದ ನಿದ್ದೆಯ ಒತ್ತಡ ರಾತ್ರಿಗೆ ಉಳಿಯಿತು, ಮೂರಕ್ಕೆ ಆಗುತ್ತಿದ್ದ ಎಚ್ಚರ ಈಗ ಹೆಚ್ಚಿನ ದಿನಗಳಲ್ಲಿ ಐದರ ಸುಮಾರಿಗೆ ಹೋಗಿದೆ.

ನನ್ನ ನಿದ್ದೆಯನ್ನು ಕದಿಯುತ್ತಿದ್ದುದೂ ಅಂಥದೇ ಒಂದು. ಸಂಜೆ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣದಲ್ಲಿ ಫಾಸ್ಟ್ ಲೋಕಲ್ ರೈಲು ಹತ್ತಿ, ಲೇಡೀಸ್ ಡಬ್ಬದಲ್ಲಿ ಕಿಟಕಿಯ ಸೀಟು ಸಿಕ್ಕರೆ ದಾದರ್ ಬರುವುದರೊಳಗೆ ನಿದ್ದೆ. ಎಚ್ಚರವಾಗುವುದು ಮುಂಬ್ರಾ ದಾಟಿದ ಮೇಲೆ. ದಣಿದ ಮೈಗೆ ಅದು ಅಮೃತದಂತೆ ಇರುತ್ತಿತ್ತು. ಆದರೆ ಸಂಜೆ ಆರೂವರೆಯ ಮುಕ್ಕಾಲು ಗಂಟೆಯ ನಿದ್ದೆಯೇ ರಾತ್ರಿ ಹನ್ನೆರಡರ ನಿದ್ದೆಯನ್ನು ನುಂಗುತ್ತಿತ್ತು. ಇದನ್ನು ಬಿಡುವುದು ನನಗೆ ಚಹಾ ಬಿಡುವುದಕ್ಕಿಂತ ಕಷ್ಟವಾಯಿತು. ಠಾಣೆಯವರೆಗೆ ನಿಂತುಕೊಂಡೇ ಬರತೊಡಗಿದೆ, ಸೀಟು ಬೇಕಾದವರಿಗೆ ಕೊಟ್ಟೆ. ಚಹಾದ ವಿಷಯದಲ್ಲಿ, ಕೆಫೀನ್ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಐದಾರು ಗಂಟೆ ಬೇಕು. ಆಫೀಸಿನಲ್ಲಿ ಐದೂವರೆಗೆ ಕುಡಿದ ಕಟಿಂಗ್ ಚಹಾದ ಅರ್ಧ ಪಾಲು ನಾನು ಮಲಗುವಾಗಲೂ ರಕ್ತದಲ್ಲಿರುತ್ತಿತ್ತು. ಈಗ ಮಧ್ಯಾಹ್ನ ಎರಡರ ನಂತರ ಚಹಾ ಇಲ್ಲ. ಅತ್ತೆ ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಹುರಿದು ಪುಡಿ ಮಾಡಿ ಕೊಟ್ಟ ಕಷಾಯವನ್ನು ಥರ್ಮಾಸಿನಲ್ಲಿ ಒಯ್ಯುತ್ತೇನೆ.

ಇಷ್ಟಾದರೂ ನನ್ನ ನಿದ್ದೆ ಪೂರ್ತಿ ಸರಿಯಾಗಲಿಲ್ಲ. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಕೊಡಬೇಕಾದದ್ದು ಅರಿವು ಮತ್ತು ವರ್ತನೆಯ ಚಿಕಿತ್ಸೆ, ಅಂದರೆ ಸಿಬಿಟಿ-ಐ, ಎಂದು ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್ 2016ರಲ್ಲಿ ಶಿಫಾರಸು ಮಾಡಿದೆ. ಅದರ ಎರಡು ಭಾಗಗಳನ್ನು ನಮ್ಮ ವೈದ್ಯರ ಒಪ್ಪಿಗೆ ಪಡೆದು ಪಾಲಿಸಿದೆ. ನಾನು ಹಾಸಿಗೆಯಲ್ಲಿ ಏಳು ಗಂಟೆ ಇದ್ದು ಐದೂಕಾಲು ಗಂಟೆ ನಿದ್ದೆ ಮಾಡುತ್ತಿದ್ದೆ. ಹಾಗಾಗಿ ಹಾಸಿಗೆಯ ಹೊತ್ತನ್ನೇ ಹನ್ನೆರಡರಿಂದ ಆರು ಎಂದು ಕಡಿಮೆ ಮಾಡಿಕೊಂಡು, ನಿದ್ದೆ ಆ ಹೊತ್ತನ್ನು ಹೆಚ್ಚುಕಡಿಮೆ ತುಂಬತೊಡಗಿದ ಮೇಲೆ ವಾರಕ್ಕೆ ಹದಿನೈದು ನಿಮಿಷ ಸೇರಿಸುತ್ತಾ ಹೋದೆ. ಮೊದಲ ವಾರ ತಲೆ ಭಾರ, ಸಿಟ್ಟು. ಹತ್ತೂವರೆಗೆ ಮಲಗುವಂತಾಗಲು ಎರಡು ತಿಂಗಳು ಬೇಕಾಯಿತು. ಇದನ್ನು ಮಕ್ಕಳಿಗೆ ಮಾಡಬಾರದು. ಮೂರ್ಛೆರೋಗ ಅಥವಾ ಬೈಪೋಲಾರ್ ಎಂಬ ಮಾನಸಿಕ ತೊಂದರೆ ಇರುವವರೂ ವಾಹನ ಓಡಿಸುವವರೂ ವೈದ್ಯರನ್ನು ಕೇಳದೆ ಕೈ ಹಾಕಬಾರದು.

ಇನ್ನೊಂದು ಭಾಗ, ಸುಮಾರು ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಹಾಸಿಗೆ ಬಿಟ್ಟು ಏಳುವುದು. ಏಳುವುದೇನೋ ಸರಿ, ಮುಂಬಯಿಯ ಮನೆಯಲ್ಲಿ ಎದ್ದು ಹೋಗುವುದಾದರೂ ಎಲ್ಲಿಗೆ? ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು, ಸಣ್ಣ ದೀಪದಲ್ಲಿ, ಸ್ಟೀಲ್ ತಟ್ಟೆಗೆ ಸುರಿದ ಹೆಸರುಕಾಳನ್ನು ಬೆರಳಿನಿಂದ ಸರಿಸುತ್ತಾ ಕಲ್ಲು ಆರಿಸುತ್ತಿದ್ದೆ. ಕಾಳು ತಟ್ಟೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಯುವ ಸದ್ದು, ಆ ನಿಧಾನ, ಕಣ್ಣು ಎಳೆಯತೊಡಗುವುದು. ಫೋನ್ ಮಾತ್ರ ಅಡುಗೆಮನೆಗೆ ಬರುತ್ತಿರಲಿಲ್ಲ, ಅಲಾರ್ಮ್ ಗಡಿಯಾರದ ಮುಖವನ್ನು ಗೋಡೆಗೆ ತಿರುಗಿಸಿಡುತ್ತಿದ್ದೆ.

ನಮ್ಮದು ಮೇಲಿನ ಮಹಡಿ. ಮಾರ್ಚ್ ಬಂತೆಂದರೆ ಸ್ಲ್ಯಾಬ್ ಕಾದು ರಾತ್ರಿಯಿಡೀ ಶಾಖ ಇಳಿಯುತ್ತದೆ. ಸಂಜೆ ಮಾಳಿಗೆಗೆ ನೀರು ಚಿಮುಕಿಸುವುದು, ಹತ್ತಿಯ ಹಾಸು, ಸೊಳ್ಳೆಪರದೆ ಕಟ್ಟಿ ಕಿಟಕಿ ತೆರೆದಿಡುವುದು, ಇಷ್ಟು ಸಾಕಾಗುತ್ತದೆ. ಸದ್ದಿಗೆ ಫ್ಯಾನಿನ ಒಂದೇ ಸಮನಾದ ಶಬ್ದವೇ ತಡೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳಲ್ಲಿದೆ. ಹಬ್ಬಗಳಲ್ಲಿ ಕೆಲವು ದಿನಗಳ ವಿನಾಯಿತಿ ಇರುವುದರಿಂದ ಆ ರಾತ್ರಿಗಳನ್ನು ನಾವು ಸಹಿಸಿಕೊಂಡು ಮರುದಿನ 6:45ಕ್ಕೇ ಏಳುತ್ತೇವೆ.

ಮೇ ರಜೆಯಲ್ಲಿ ಕುಂದಾಪುರಕ್ಕೆ ಹೋದಾಗ ಯಕ್ಷಗಾನ, ಮದುವೆ, ನೆಂಟರಿಷ್ಟರ ಗದ್ದಲದಲ್ಲಿ ಎಲ್ಲವೂ ಕೆಟ್ಟಿತು. ಜೂನ್‌ನಲ್ಲಿ ಮತ್ತೆ ಅದೇ ಹದಿನೈದು ನಿಮಿಷದ ಲೆಕ್ಕ ಹಿಡಿದೆವು, ಈ ಸಲ ಎರಡು ವಾರವೂ ಹಿಡಿಯಲಿಲ್ಲ. ಮಗಳು ಈಗ ಸರಾಸರಿ ಒಂಬತ್ತೂಕಾಲು ಗಂಟೆ ಮಲಗುತ್ತಾಳೆ, ನಾನು ಏಳಕ್ಕೆ ಹತ್ತಿರ.

ಸರಿಯಾಗದೆ ಉಳಿದಿರುವುದು ಯಜಮಾನರ ನಿದ್ದೆ. ಮಧ್ಯಾಹ್ನ ಮೂರರ ಹೊತ್ತಿಗೆ ಹೋಟೆಲಿನಲ್ಲಿ ಗಿರಾಕಿ ಕಡಿಮೆಯಾದಾಗ ಇಪ್ಪತ್ತೈದು ನಿಮಿಷ ಮಲಗುತ್ತಾರೆ, ರಾತ್ರಿಯ ಊಟವನ್ನು ಅಲ್ಲೇ ಒಂಬತ್ತೂವರೆಗೆ ಮುಗಿಸುತ್ತಾರೆ. ಆದರೂ ಹಗಲಿನ ತೂಕಡಿಕೆ ಹೋಗಿಲ್ಲ. ನಾನು ಸರಿಯಾಗಿ ಮಲಗತೊಡಗಿದ ಮೇಲೆ, ಒಂದು ರಾತ್ರಿ ನಡುವೆ ಎಚ್ಚರವಾದಾಗ, ಅವರ ಗೊರಕೆ ಒಮ್ಮೆಲೇ ನಿಂತು, ಉಸಿರಿನ ಸದ್ದೇ ಇಲ್ಲದೆ, ಬಳಿಕ ಬೆಚ್ಚಿಬಿದ್ದಂತೆ ಉಸಿರೆಳೆದುಕೊಂಡದ್ದನ್ನು ಕೇಳಿದೆ. ಇದಕ್ಕೆ ಸ್ನಾನ, ಕಷಾಯ, ಬೆಳಕು ಯಾವುದೂ ಮದ್ದಲ್ಲ. ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಇರಬಹುದಾದ ಲಕ್ಷಣ ಇದು ಎಂದು ವಿಚಾರಿಸಲು ಹೋದಾಗ ವೈದ್ಯರು ಹೇಳಿದರು. ಮಕ್ಕಳಲ್ಲಿ ದಿನವೂ ಗೊರಕೆಯಿದ್ದರೆ ಟಾನ್ಸಿಲ್ ಅಥವಾ ಮೂಗಿನ ಹಿಂದಿರುವ ಅಡಿನಾಯ್ಡ್ ಬೆಳೆದಿರಬಹುದೆಂದೂ, ರಾತ್ರಿ ಕಾಲು ಆಡಿಸುತ್ತಲೇ ಇದ್ದರೆ ಕಬ್ಬಿಣಾಂಶದ ಪರೀಕ್ಷೆ ಮಾಡಿಸಬೇಕೆಂದೂ ಅದೇ ಭೇಟಿಯಲ್ಲಿ ತಿಳಿಸಿದರು. ಯಜಮಾನರ ವಾರದ ರಜೆ ಸೋಮವಾರ. ಬರುವ ಸೋಮವಾರ ರಾತ್ರಿಗೆ ನಿದ್ರಾ ಪರೀಕ್ಷೆಯ ಸಮಯ ಗೊತ್ತುಮಾಡಿಸಿ ಬಂದಿದ್ದೇನೆ.