ಟಾರ್ಚ್, ಕಾಗದ, ಒಂದು ಹನಿ ಎಣ್ಣೆ: ಬೆಳಕಿನ ದಾರಿ ಹಿಡಿಯುವುದು ಹೇಗೆ

ಬಜ್ಜಿ ಸುತ್ತಿಕೊಟ್ಟ ಕಾಗದವನ್ನು ದೀಪದ ಎದುರು ಹಿಡಿದು ನೋಡಿ. ಎಣ್ಣೆ ಹತ್ತಿದ ಕಡೆ ಮಾತ್ರ ಬೆಳಕು ಧಾರಾಳವಾಗಿ ಈಚೆ ಬರುತ್ತದೆ. ಕಾಗದ ಅದೇ, ದಪ್ಪವೂ ಅಷ್ಟೇ. ಪಾರದರ್ಶಕ, ಅರೆಪಾರದರ್ಶಕ, ಅಪಾರದರ್ಶಕ ಎಂದು ಪಾಠದಲ್ಲಿ ವಸ್ತುಗಳನ್ನು ಮೂರು ಗುಂಪು ಮಾಡುತ್ತಾರೆ, ಸರಿ. ಆದರೆ ಒಂದು ಹನಿ ಎಣ್ಣೆಗೆ ಕಾಗದ ತನ್ನ ಗುಂಪು ಬಿಟ್ಟು ಇನ್ನೊಂದಕ್ಕೆ ಜಿಗಿಯಿತಲ್ಲ, ಅದು ಹೇಗೆ? ಅಲ್ಲಿಂದಲೇ ಶುರು ಮಾಡೋಣ.

ಬೇಕಾಗುವುದು ಇಷ್ಟು: ಒಂದು ಟಾರ್ಚ್ (ಮೊಬೈಲಿನದೂ ಆದೀತು), ಗೆರೆಯಿಲ್ಲದ ಬಿಳಿ ಕಾಗದ, ಸೂರ್ಯಕಾಂತಿ ಎಣ್ಣೆ, ಕಲ್ಲುಸಕ್ಕರೆ, ಹಾಲು, ಸ್ಟೀಲ್ ಬಟ್ಟಲು, ನಾಣ್ಯ, ನುಣುಪು ಗಾಜಿನ ಲೋಟ. ಕತ್ತಲಾದ ಮೇಲೆ, ಕೋಣೆಯ ದೀಪ ಆರಿಸಿ ಮಾಡಿ. ಲೇಸರ್ ಪಾಯಿಂಟರ್ ಬೇಡವೇ ಬೇಡ. ಹೊಳೆಯುವ ವಸ್ತುವಿನಿಂದ ತಿರುಗಿ ಕಣ್ಣಿಗೆ ಬಡಿದರೂ ಅಪಾಯ. ಸೂರ್ಯನನ್ನೂ ನೇರವಾಗಿ ನೋಡಬೇಡಿ.

ಎಣ್ಣೆಯ ಚುಕ್ಕೆ

ಕಾಗದದ ನಡುವೆ ಒಂದೇ ಹನಿ ಎಣ್ಣೆ ಬಿಟ್ಟು ಐದು ನಿಮಿಷ ಕಾಯಿರಿ, ಉಳಿದದ್ದನ್ನು ಬಟ್ಟೆಯಿಂದ ಒತ್ತಿ ತೆಗೆಯಿರಿ. ಈಗ ಟಾರ್ಚನ್ನು ಕಾಗದದ ಹಿಂದೆ ಹಿಡಿಯಿರಿ: ಚುಕ್ಕೆ ಸುತ್ತಲಿನ ಕಾಗದಕ್ಕಿಂತ ಬೆಳ್ಳಗೆ ಬೆಳಗುತ್ತದೆ. ಟಾರ್ಚನ್ನು ಮುಂದಕ್ಕೆ ತಂದು ನೀವಿರುವ ಕಡೆಯಿಂದಲೇ ಬೆಳಕು ಬಿಡಿ: ಅದೇ ಚುಕ್ಕೆ ಕಪ್ಪಾಗಿ ಕಾಣುತ್ತದೆ. ಈ ಎರಡನೆಯದನ್ನು ಬಹಳ ಮಂದಿ ಮಾಡುವುದೇ ಇಲ್ಲ, ಗುಟ್ಟು ಇರುವುದು ಅದರಲ್ಲೇ. ಆಚೆಗೆ ದಾಟಿಹೋದ ಬೆಳಕು ನಿಮ್ಮ ಕಡೆ ಮರಳಿ ಬರಲಾರದು.

ಕಾಗದವೆಂದರೆ ಸಣ್ಣ ನಾರುಗಳ ಹೆಣಿಗೆ. ನಾರುಗಳ ಸಂದಿಯಲ್ಲೆಲ್ಲ ಗಾಳಿ. ಗಾಳಿಯಿಂದ ನಾರಿಗೆ, ನಾರಿನಿಂದ ಗಾಳಿಗೆ ದಾಟುವ ಪ್ರತಿ ಗಡಿಯಲ್ಲೂ ಬೆಳಕು ಸ್ವಲ್ಪ ಹಿಂದಿರುಗುತ್ತದೆ, ಉಳಿದದ್ದು ಬಾಗಿ ಮುಂದೆ ಹೋಗುತ್ತದೆ. ಹೀಗೆ ಚದುರಿ ಚದುರಿ ಹೆಚ್ಚಿನ ಪಾಲು ಬಂದ ಕಡೆಗೇ ಮರಳುತ್ತದೆ. ಕಾಗದ ಬೆಳ್ಳಗಿರುವುದು ಅದಕ್ಕೇ.

ಗಡಿಯಲ್ಲಿ ಎಷ್ಟು ಹಿಂದಿರುಗಬೇಕು ಎಂಬುದು ಎರಡೂ ಬದಿಯ ವಕ್ರೀಭವನ ಸೂಚ್ಯಂಕದ (ವಸ್ತುವಿನೊಳಗೆ ಬೆಳಕು ಎಷ್ಟು ನಿಧಾನವಾಗುತ್ತದೆ ಎಂದು ಹೇಳುವ ಸಂಖ್ಯೆಯ) ಅಂತರಕ್ಕೆ ಸೇರಿದ್ದು. ಗಾಳಿಗೆ ಅದು ಸುಮಾರು 1, ನೀರಿಗೆ 1.33, ಸೂರ್ಯಕಾಂತಿ ಎಣ್ಣೆಗೆ 1.47ರ ಆಸುಪಾಸು, ಕಾಗದದ ನಾರಿಗೆ 1.5ರ ಹತ್ತಿರ. ಎಣ್ಣೆ ಸಂದಿಗಳಿಂದ ಗಾಳಿಯನ್ನು ಹೊರದೂಡಿ ತಾನು ಕೂರುತ್ತದೆ. ಎಣ್ಣೆಗೂ ನಾರಿಗೂ ಅಂತರ ಅತ್ಯಲ್ಪ, ಗಡಿ ಇದ್ದೂ ಇಲ್ಲದಂತೆ. ನೀರು ಹಾಕಿದರೂ ಇದೇ ಆಗುತ್ತದೆ, ಆದರೆ ಅರೆಬರೆ. ಒಣಗಿದರೆ ಮತ್ತೆ ಮೊದಲಿನಂತೆ. ಚುಕ್ಕೆ ಬೆಳಗದಿದ್ದರೆ ಕಾಗದ ತೀರಾ ದಪ್ಪದ್ದು, ಇಲ್ಲವೇ ನುಣುಪು ಲೇಪದ್ದು: ಎಣ್ಣೆ ಒಳಗಿಳಿದಿಲ್ಲ.

ಇದೇ ಮಾತಿಗೆ ಇನ್ನೊಂದು ಸಾಕ್ಷಿ ಕಲ್ಲುಸಕ್ಕರೆ. ತಿಳಿಯಾದ ಹರಳೊಂದನ್ನು ಆರಿಸಿ, ಕುಟ್ಟಿ ನುಣ್ಣಗೆ ಪುಡಿ ಮಾಡಿ. ಬಣ್ಣವೇನೂ ಬೆರೆಸಿಲ್ಲ, ಆದರೂ ಪುಡಿ ಅಚ್ಚ ಬಿಳಿ! ಹೆಚ್ಚಿದ್ದು ಗಡಿಗಳು ಮಾತ್ರ. ಎರಡು ಹನಿ ಎಣ್ಣೆ ಹಾಕಿ ಕಲಸಿದರೆ ಬಿಳುಪು ಮಂಕಾಗುತ್ತದೆ.

ಮಾಯವಾಗುವ ಪ್ರನಾಳ

ಶಾಲೆಯ ಪ್ರಯೋಗಾಲಯದ ಪ್ರನಾಳ (ಟೆಸ್ಟ್ ಟ್ಯೂಬ್) ಬೊರೊಸಿಲಿಕೇಟ್ ಎಂಬ, ಬಿಸಿ ತಡೆಯುವ ಗಾಜಿನದಾದರೆ ಅದರ ಸೂಚ್ಯಂಕವೂ ಸುಮಾರು 1.47. ಮೇಷ್ಟ್ರನ್ನೋ ಮೇಡಮ್ಮನ್ನೋ ಕೇಳಿ ಒಂದನ್ನು ತನ್ನಿ. ಗಾಜಿನ ಲೋಟದ ಮುಕ್ಕಾಲು ಭಾಗ ಸೂರ್ಯಕಾಂತಿ ಎಣ್ಣೆ ಹಾಕಿ ಖಾಲಿ ಪ್ರನಾಳ ಇಳಿಸಿ. ಒಳಗಿನ ಗಾಳಿಯಿಂದಾಗಿ ಚೆನ್ನಾಗಿ ಕಾಣುತ್ತದೆ. ಪ್ರನಾಳದೊಳಗೂ ಎಣ್ಣೆ ತುಂಬಿಸಿ. ಮುಳುಗಿದ ಭಾಗ ಕಣ್ಣಿಗೆ ಸಿಗುವುದಿಲ್ಲ. ಮಾಸಲು ಗೆರೆ ಉಳಿದರೆ ಗಾಜು ಸಾಮಾನ್ಯದ್ದಿರಬೇಕು, ಅದರ ಸೂಚ್ಯಂಕ ಸುಮಾರು 1.52. ಗುಳ್ಳೆ ಅಂಟಿದ್ದರೆ ತಿರುಗಿಸಿ ಬಿಡಿಸಿ. ಎಣ್ಣೆ ಕೈ ಜಾರುತ್ತದೆ, ಕೆಳಗೆ ತಟ್ಟೆ ಇರಲಿ.

ಬಟ್ಟಲಿನ ನಾಣ್ಯ

ನಾಣ್ಯವನ್ನು ಬಟ್ಟಲಿನ ತಳಕ್ಕೆ ಚಿಟಿಕೆ ಚಪಾತಿ ಹಿಟ್ಟಿನಿಂದ ಅಂಟಿಸಿ, ಇಲ್ಲದಿದ್ದರೆ ನೀರಿನ ರಭಸಕ್ಕೆ ಜರುಗಿ ಪ್ರಯೋಗ ಕೆಡುತ್ತದೆ. ನಾಣ್ಯ ಅಂಚಿನ ಹಿಂದೆ ಈಗಷ್ಟೇ ಮರೆಯಾಗುವ ತನಕ ತಲೆ ತಗ್ಗಿಸಿ, ಅಲ್ಲೇ ನಿಲ್ಲಿಸಿ. ಇನ್ನೊಬ್ಬರು ನಿಧಾನವಾಗಿ ನೀರು ಹೊಯ್ಯಲಿ. ನಾಣ್ಯ ಮೇಲೆದ್ದು ಬಂದಂತೆ ಕಾಣುತ್ತದೆ. ಗಾಳಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಹೋಗುತ್ತದೆ, ನೀರಿನಲ್ಲಿ ಸುಮಾರು 2.25 ಲಕ್ಷ. ಓರೆಯಾಗಿ ನೀರಿನಿಂದ ಹೊರಬರುವಾಗ ಈ ವೇಗದ ವ್ಯತ್ಯಾಸದಿಂದಲೇ ಬಾಗುತ್ತದೆ. ನೇರ ಮೇಲಿನಿಂದ ನೋಡಿದರೂ 8 ಸೆಂಟಿಮೀಟರ್ ನೀರು 6ರಷ್ಟೇ ಆಳವಾಗಿ ತೋರುತ್ತದೆ. ಕೆರೆ, ಕಲ್ಯಾಣಿಗಳಲ್ಲಿ ತಳ ಕಾಣುತ್ತದೆ ಎಂದು ಇಳಿಯಬೇಡಿ, ಆಳ ಕಂಡದ್ದಕ್ಕಿಂತ ಹೆಚ್ಚೇ ಇರುತ್ತದೆ.

ಹಾಲು ಬೆರೆತ ನೀರು

ಲೋಟದಲ್ಲಿ 200 ಮಿಲಿಲೀಟರ್ ನೀರು, 5 ಹನಿ ಹಾಲು. ಒಂದು ಬದಿಯಿಂದ ಟಾರ್ಚ್ ಬಿಟ್ಟು, ಎದುರು ಬದಿಗೆ ಬಿಳಿ ಕಾಗದ ನಿಲ್ಲಿಸಿ. ಪಕ್ಕದಿಂದ ನೋಡಿದರೆ ನೀರಿಗೆ ತುಸು ನೀಲಿ ಛಾಯೆ; ಕಾಗದದ ಮೇಲೆ ಬಿದ್ದ ಬೆಳಕು ಹಳದಿಗೆ ತಿರುಗಿರುತ್ತದೆ. ಹಾಲಿನ ಸೂಕ್ಷ್ಮ ಕಣಗಳು ನೀಲಿಯನ್ನು ಹೆಚ್ಚು ಚದುರಿಸುತ್ತವೆ, ಹಳದಿ–ಕೆಂಪು ನೇರ ಸಾಗುತ್ತವೆ. ಬಣ್ಣ ಗೊತ್ತಾಗದಿದ್ದರೆ ಒಂದೊಂದೇ ಹನಿ ಹೆಚ್ಚಿಸಿ. ಆತುರಪಟ್ಟು ಒಂದು ಚಮಚ ಸುರಿದಿರೋ, ಬೆಳಕು ಕಣದಿಂದ ಕಣಕ್ಕೆ ಎಷ್ಟೋ ಸಲ ಚದುರಿ ಎಲ್ಲ ಬಣ್ಣವೂ ಕಲಸಿಹೋಗಿ ಬರೀ ಬಿಳಿ ಉಳಿಯುತ್ತದೆ. ಆಗ ಚೆಲ್ಲಿ ಹೊಸದಾಗಿ ಮಾಡುವುದೇ ಒಳ್ಳೆಯದು.

ಸಿ. ವಿ. ರಾಮನ್ 1921ರಲ್ಲಿ ಹಡಗಿನಲ್ಲಿ ಬರುತ್ತ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಕಂಡು, ಇದು ಆಕಾಶದ ಬಿಂಬವಷ್ಟೇ ಅಲ್ಲ, ನೀರೇ ಬೆಳಕನ್ನು ಚದುರಿಸುತ್ತಿದೆ ಎಂದು ವಾದಿಸಿದರು. ಆ ಬೆನ್ನುಹತ್ತಿದ ಕೆಲಸ 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮಕ್ಕೆ, ಅಂದರೆ ಚದುರಿದ ಬೆಳಕಿನಲ್ಲಿ ಅತ್ಯಲ್ಪ ಪಾಲು ಬಣ್ಣ ಬದಲಿಸಿಕೊಳ್ಳುತ್ತದೆ ಎಂಬ ಶೋಧಕ್ಕೆ, ಮುಟ್ಟಿತು. ಆ ದಿನವೇ ಈಗ ರಾಷ್ಟ್ರೀಯ ವಿಜ್ಞಾನ ದಿನ. ಶಾಲೆಯಲ್ಲಿ ಅಂದು ತೋರಿಸುವುದಾದರೆ ಹಾಲಿನ ಲೋಟವನ್ನು ಕತ್ತಲು ಮೂಲೆಯಲ್ಲಿಡಿ, ಕಿಟಕಿಯ ಬಳಿ ಬಣ್ಣ ಕಾಣದು.