ಲೈಬ್ರರಿ ಡಿಸ್ಕಿನಲ್ಲೇ ಇದೆ, ಲೋಡರ್‌ಗೆ ಮಾತ್ರ ಕಾಣುತ್ತಿಲ್ಲ

ಉಬುಂಟು 22.04ರ ಪ್ಯಾಕೇಜ್ ಪಟ್ಟಿಯಲ್ಲಿ ಸಿಗುವ ಟೆಸೆರಾಕ್ಟ್ (ಚಿತ್ರದಲ್ಲಿರುವ ಅಕ್ಷರಗಳನ್ನು ಓದಿ ಪಠ್ಯವಾಗಿಸುವ, ಅಂದರೆ ಓಸಿಆರ್ ಮಾಡುವ ತಂತ್ರಾಂಶ) ಇನ್ನೂ 4.1.1. ಕನ್ನಡ ಪುಟಗಳ ಓಸಿಆರ್‌ಗೆ 5ನೇ ಆವೃತ್ತಿ ಬೇಕೆಂದು ಸೋರ್ಸ್ ಕೋಡ್ ತಂದು ನಾನೇ ಬಿಲ್ಡ್ ಮಾಡಿದೆ (ಓಡಬಲ್ಲ ಬೈನರಿ ಫೈಲ್ ಆಗಿಸಿದೆ). ‘ಕಾನ್ಫಿಗರ್’, ‘ಮೇಕ್’, ‘ಸುಡೊ ಮೇಕ್ ಇನ್‌ಸ್ಟಾಲ್’ ಮೂರೂ ತಕರಾರಿಲ್ಲದೆ ಮುಗಿದವು. ಓಡಿಸಲು ಹೋದರೆ ಬಂದದ್ದು ಈ ಸಾಲು: ‘ಎರರ್ ವೈಲ್ ಲೋಡಿಂಗ್ ಶೇರ್ಡ್ ಲೈಬ್ರರೀಸ್: ಲಿಬ್‌ಟೆಸೆರಾಕ್ಟ್.ಎಸ್ಒ.5: ಕೆನಾಟ್ ಓಪನ್ ಶೇರ್ಡ್ ಆಬ್ಜೆಕ್ಟ್ ಫೈಲ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ’.

(ಆಜ್ಞೆ ಮತ್ತು ಫೈಲ್ ಹೆಸರುಗಳನ್ನು ಉಚ್ಚಾರದಂತೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಎಲ್ಲಕ್ಕೂ ಇಂಗ್ಲಿಷಿನ ಸಣ್ಣಕ್ಷರ. ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಿಗೆ ಮತ್ತು ‘ಒರಿಜಿನ್’ಗೆ ಮಾತ್ರ ದೊಡ್ಡಕ್ಷರ.)

ಆ ಲೈಬ್ರರಿ, ಅಂದರೆ ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡಿನ ಫೈಲ್, ಇಲ್ಲವೇ ಎಂದು ನೋಡಿದರೆ ‘/ಯುಎಸ್ಆರ್/ಲೋಕಲ್/ಲಿಬ್’ನಲ್ಲಿ ಆರಾಮಾಗಿ ಕೂತಿದೆ. ಬಿಲ್ಡ್ ಫೋಲ್ಡರಿನೊಳಗಿಂದ ಓಡಿಸಿದಾಗ ಸರಿಯಾಗಿಯೇ ಓಡುತ್ತಿತ್ತು. ಅಲ್ಲಿರುವ ‘ಟೆಸೆರಾಕ್ಟ್’ ನಿಜವಾದ ಬೈನರಿಯಲ್ಲ, ಬಿಲ್ಡ್‌ಗೆ ನೆರವಾಗುವ ಲಿಬ್‌ಟೂಲ್ ಅದರ ಮೇಲೆ ಹೊದಿಸಿದ ಶೆಲ್ ಸ್ಕ್ರಿಪ್ಟ್. ಲೈಬ್ರರಿಯ ದಾರಿ ತೋರಿಸಿ ಆಮೇಲೆ ಒಳಗಿನ ಬೈನರಿಯನ್ನು ಅದೇ ಓಡಿಸುತ್ತದೆ. ಇನ್‌ಸ್ಟಾಲ್ ಆದ ಮೇಲೆ ಆ ಹೊದಿಕೆ ಇರುವುದಿಲ್ಲ. ಸಿಮೇಕ್ ಎಂಬ ಬಿಲ್ಡ್ ಸಾಧನ ಬಳಸುವ ಪ್ರಾಜೆಕ್ಟ್‌ಗಳಲ್ಲೂ ಇದೇ ಪಾಡು: ಬಿಲ್ಡ್ ಮಾಡುವಾಗ ಬೈನರಿಯೊಳಗೆ ಬರೆದ ಆರ್‌ಪಾಥ್ ಅನ್ನು (ಲೈಬ್ರರಿ ಹುಡುಕಬೇಕಾದ ದಾರಿಯನ್ನು) ಇನ್‌ಸ್ಟಾಲ್ ಹಂತದಲ್ಲಿ ಸಿಮೇಕ್ ತಾನೇ ಅಳಿಸಿಹಾಕುತ್ತದೆ. ಹಾಗಾಗಿ ‘ಬಿಲ್ಡ್‌ನಲ್ಲಿ ಓಡುತ್ತೆ, ಇನ್‌ಸ್ಟಾಲ್ ಆದ್ಮೇಲೆ ಓಡಲ್ಲ’ ಎಂದು ಯಾರಾದರೂ ಹೇಳಿದರೆ ಕೋಡ್ ಕಡೆ ನಾನು ತಿರುಗಿಯೂ ನೋಡುವುದಿಲ್ಲ.

ಪ್ರೋಗ್ರಾಂ ಶುರುವಾಗುವಾಗ ಅದಕ್ಕೆ ಬೇಕಾದ ಲೈಬ್ರರಿಗಳನ್ನು ಹುಡುಕಿ ಜೋಡಿಸುವ ಲೋಡರ್ ಡಿಸ್ಕೆಲ್ಲ ಜಾಲಾಡುವುದಿಲ್ಲ. ಮೊದಲು ಬೈನರಿಯೊಳಗಿನ ಆರ್‌ಪಾಥ್ (ಅದರ ಹೊಸ ರೂಪವಾದ ರನ್‌ಪಾಥ್ ಇದ್ದರೆ ಇದನ್ನು ಬಿಟ್ಟುಬಿಡುತ್ತದೆ), ಆಮೇಲೆ ‘ಎಲ್‌ಡಿ_ಲೈಬ್ರರಿ_ಪಾಥ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್, ಆಮೇಲೆ ರನ್‌ಪಾಥ್, ಆಮೇಲೆ ‘/ಇಟಿಸಿ/ಎಲ್‌ಡಿ.ಎಸ್ಒ.ಕ್ಯಾಶ್’ (ಲೈಬ್ರರಿಗಳ ಸಿದ್ಧ ಪಟ್ಟಿ), ಕೊನೆಗೆ ‘/ಲಿಬ್’ ಮತ್ತು ‘/ಯುಎಸ್ಆರ್/ಲಿಬ್’. ಇಷ್ಟೇ. ‘/ಯುಎಸ್ಆರ್/ಲೋಕಲ್/ಲಿಬ್’ ಈ ಸಾಲಿನಲ್ಲಿ ನೇರವಾಗಿ ಇಲ್ಲ. ಕ್ಯಾಶ್ ಮೂಲಕವೇ ಅದು ಕಾಣಬೇಕು. ಉಬುಂಟು, ಡೆಬಿಯನ್‌ಗಳಲ್ಲಿ ಆ ಡೈರೆಕ್ಟರಿಯ ಹೆಸರು ‘/ಇಟಿಸಿ/ಎಲ್‌ಡಿ.ಎಸ್ಒ.ಕಾನ್ಫ್.ಡಿ’ಯಲ್ಲಿ ಮೊದಲೇ ಇರುತ್ತದೆ, ಕ್ಯಾಶ್ ಮಾತ್ರ ಹಳೆಯದು. ಕ್ಯಾಶನ್ನು ಹೊಸದಾಗಿಸುವ ‘ಸುಡೊ ಎಲ್‌ಡಿಕಾನ್ಫಿಗ್’ ಒಮ್ಮೆ ಓಡಿಸಿದರೆ ಮುಗಿಯಿತು. ಫೆಡೋರಾ, ರೆಡ್ ಹ್ಯಾಟ್ ಬಳಗದಲ್ಲಿ ಹೆಸರೇ ಇರುವುದಿಲ್ಲ, ‘.ಕಾನ್ಫ್’ ಎಂದು ಕೊನೆಯಾಗುವ ಒಂದು ಫೈಲ್ ಮಾಡಿ, ಅದರಲ್ಲಿ ಡೈರೆಕ್ಟರಿಯ ಪೂರ್ಣ ದಾರಿ ಬರೆದು, ಆಮೇಲೆ ಎಲ್‌ಡಿಕಾನ್ಫಿಗ್. ಕ್ಯಾಶ್‌ಗೆ ಸೇರಿತೋ ಇಲ್ಲವೋ ‘ಎಲ್‌ಡಿಕಾನ್ಫಿಗ್ -ಪಿ’ ಕೊಡುವ ಪಟ್ಟಿಯನ್ನು ಪದ ಹುಡುಕುವ ಗ್ರೆಪ್‌ಗೆ ಕೊಟ್ಟು ನೋಡಿಕೊಳ್ಳುತ್ತೇನೆ.

ಯಾವ ಲೈಬ್ರರಿ ಸಿಗುತ್ತಿಲ್ಲ ಎಂದು ನೋಡಲು ಎಲ್ಲರೂ ‘ಎಲ್‌ಡಿಡಿ’ ಎನ್ನುತ್ತಾರೆ. ಸರಿಯೇ, ಆದರೆ ಎಲ್ಲಿಂದಲೋ ಬಂದ ಬೈನರಿಯ ಮೇಲೆ ನಾನದನ್ನು ಬಳಸುವುದಿಲ್ಲ, ಏಕೆಂದರೆ ಕೆಲವು ಸಂದರ್ಭದಲ್ಲಿ ಅದು ಆ ಪ್ರೋಗ್ರಾಮನ್ನೇ ಓಡಿಸಿಬಿಡಬಹುದು. ಅಂಥದ್ದಕ್ಕೆ ‘ರೀಡ್‌ಎಲ್ಫ್ -ಡಿ’: ನೀಡೆಡ್ ಎಂಬ ಸಾಲುಗಳಲ್ಲಿ ಬೈನರಿ ನೇರವಾಗಿ ಕೇಳುವ ಹೆಸರುಗಳು ಸಿಗುತ್ತವೆ, ಆರ್‌ಪಾಥ್ ಅಥವಾ ರನ್‌ಪಾಥ್ ಇದ್ದರೆ ಅದೂ ಅಲ್ಲೇ. ಲೈಬ್ರರಿ ಕೇಳುತ್ತಿರುವುದು ಪ್ರೋಗ್ರಾಮೋ, ಅದು ಎಳೆದುಕೊಂಡ ಇನ್ನೊಂದು ಲೈಬ್ರರಿಯೋ ಎಂಬುದು ಎಲ್‌ಡಿಡಿಯ ಪಟ್ಟಿಯಿಂದ ಸುಲಭಕ್ಕೆ ತಿಳಿಯುವುದಿಲ್ಲ. ಆಗ ಪ್ರೋಗ್ರಾಮಿನ ಮುಂದೆ ‘ಎಲ್‌ಡಿ_ಡೀಬಗ್=ಫೈಲ್ಸ್’ ಹಾಕಿ ಓಡಿಸಿದರೆ ‘ನೀಡೆಡ್ ಬೈ’ ಎಂದು ಯಾರಿಗೆ ಬೇಕಾಗಿದೆ ಎಂಬುದನ್ನೂ ಹೇಳುತ್ತದೆ. ‘ಫೈಲ್ಸ್’ ಬದಲು ‘ಲಿಬ್ಸ್’ ಎಂದರೆ ಯಾವ ಯಾವ ಡೈರೆಕ್ಟರಿಯಲ್ಲಿ ಹುಡುಕಿತು ಎಂಬ ಪೂರ್ತಿ ಜಾಡು ಸಿಗುತ್ತದೆ. ಓಡುತ್ತಿರುವಾಗ ಡಿಎಲ್‌ಓಪನ್ ಮೂಲಕ ಎಳೆದುಕೊಳ್ಳುವ ಪ್ಲಗಿನ್‌ಗಳು ಎಲ್‌ಡಿಡಿಯಲ್ಲಿ ಕಾಣುವುದೇ ಇಲ್ಲ. ಅವುಗಳಿಗೂ ಇದೇ ಸರಿ. ಹೆಸರು ಗೊತ್ತಾದ ಮೇಲೆ ಅದು ಯಾವ ಪ್ಯಾಕೇಜಿನಲ್ಲಿದೆ ಎಂಬುದನ್ನು ‘ಆಪ್ಟ್-ಫೈಲ್ ಸರ್ಚ್’ ಅಥವಾ ‘ಡಿಎನ್ಎಫ್ ಪ್ರೊವೈಡ್ಸ್’ ಹೇಳುತ್ತದೆ.

ಇನ್ನು ಅತಿ ಹೆಚ್ಚು ಹಾಳುಗೆಡಹುವ ಮದ್ದು: ಸಿಂಬಾಲಿಕ್ ಲಿಂಕ್, ಅಂದರೆ ಇರುವ ಫೈಲಿಗೆ ಇನ್ನೊಂದು ಹೆಸರಿನ ಕೊಂಡಿ. ಉಬುಂಟು 20.04ರಲ್ಲಿ ಎನ್‌ಕ್ರಿಪ್ಷನ್ ಲೈಬ್ರರಿ ಓಪನ್‌ಎಸ್ಎಸ್ಎಲ್ 1.1.1 ಇತ್ತು, 22.04ರಲ್ಲಿ 3.0. ಹಳೆಯ ಪ್ರೋಗ್ರಾಂ ‘ಲಿಬ್ಎಸ್ಎಸ್ಎಲ್.ಎಸ್ಒ.1.1’ ಸಿಗಲಿಲ್ಲ ಎನ್ನುತ್ತದೆ. ಇರುವ ‘.3’ ಫೈಲಿಗೇ ‘.1.1’ ಎಂಬ ಹೆಸರಿನ ಲಿಂಕ್ ಹಾಕಿದರೆ ಮೊದಲ ತಕರಾರು ಹೋಗಿ, ‘ವರ್ಷನ್ ಓಪನ್‌ಎಸ್ಎಸ್ಎಲ್_1_1_0 ನಾಟ್ ಫೌಂಡ್’ ಎಂಬ ಎರಡನೆಯದು ಬರುತ್ತದೆ. ಹೆಸರಿನ ಕೊನೆಯ ಆ ಸಂಖ್ಯೆ ಅಲಂಕಾರಕ್ಕಲ್ಲ. ಒಳಗಿನ ಫಂಕ್ಷನ್‌ಗಳ ಒಪ್ಪಂದ ಬದಲಾಗಿದೆ ಎಂದು ಹೇಳಲೆಂದೇ ಲೈಬ್ರರಿ ಬರೆದವರು ಅದನ್ನು ಏರಿಸಿರುತ್ತಾರೆ. ಇಲ್ಲಿ ಮೊದಲ ಆಯ್ಕೆ, ಪ್ರೋಗ್ರಾಮನ್ನು ಹೊಸ ಲೈಬ್ರರಿಯ ಮೇಲೆ ಮತ್ತೆ ಬಿಲ್ಡ್ ಮಾಡುವುದು. ಸೋರ್ಸ್ ಇಲ್ಲದಿದ್ದರೆ 1.1.1 ಅನ್ನು ಬಿಲ್ಡ್ ಮಾಡಿ ಆ ಪ್ರೋಗ್ರಾಮಿನ ಫೋಲ್ಡರಿನೊಳಗೇ ಇಡುತ್ತೇನೆ, ಸಿಸ್ಟಮ್ ಡೈರೆಕ್ಟರಿಯಲ್ಲಿ ಅಲ್ಲ. 1.1.1ರ ಉಚಿತ ಬೆಂಬಲ 2023ರ ಸೆಪ್ಟೆಂಬರ್‌ನಲ್ಲೇ ನಿಂತಿದೆ. ಅದನ್ನು ಇಡೀ ಯಂತ್ರಕ್ಕೆ ಬಡಿಸುವುದು ಬೇಡ.

ಹಾಗೆಂದು ಲಿಂಕ್ ಯಾವಾಗಲೂ ತಪ್ಪಲ್ಲ. ಉಬುಂಟು 24.04ರಲ್ಲಿ ‘ಲಿಬ್ಎಐಒ.ಎಸ್ಒ.1’ ಎಂಬ ಹೆಸರು ಹೋಗಿ ‘ಲಿಬ್ಎಐಒ.ಎಸ್ಒ.1ಟಿ64’ ಬಂದಿದೆ. 32 ಬಿಟ್ ಯಂತ್ರಗಳಲ್ಲಿ ಸಮಯದ ಲೆಕ್ಕವನ್ನು 64 ಬಿಟ್‌ಗೆ ಒಯ್ದಾಗ ಆದ ಹೆಸರು ಬದಲಾವಣೆ ಅದು. ಮಾಮೂಲಿ 64 ಬಿಟ್ ಪಿಸಿಯಲ್ಲಿ ಆ ಲೆಕ್ಕ ಮೊದಲಿನಿಂದಲೂ 64 ಬಿಟ್ಟೇ, ಆದ್ದರಿಂದ ಹಳೆಯ ಹೆಸರಿನಲ್ಲಿ ಹೊಸ ಫೈಲಿಗೆ ಲಿಂಕ್ ಕೊಟ್ಟರೆ ಕೆಲಸ ನಡೆಯುತ್ತದೆ.

‘ಜಿಲಿಬ್‌ಸಿ_2.34 ನಾಟ್ ಫೌಂಡ್’ ಎಂದರೆ ಪ್ರೋಗ್ರಾಂ ನಿಮ್ಮದಕ್ಕಿಂತ ಹೊಸ ಜಿಲಿಬ್‌ಸಿ (ಲಿನಕ್ಸ್‌ನ ಮೂಲ ಸಿ ಲೈಬ್ರರಿ) ಇರುವ ಯಂತ್ರದಲ್ಲಿ ಬಿಲ್ಡ್ ಆಗಿದೆ. ಉಬುಂಟು 20.04, ಡೆಬಿಯನ್ 11 ಎರಡರಲ್ಲೂ ಇರುವುದು 2.31; ಉಬುಂಟು 22.04ರಲ್ಲಿ 2.35. ಜಿಲಿಬ್‌ಸಿ ಮಟ್ಟಿಗೆ, ಹೊಸದರಲ್ಲಿ ಬಿಲ್ಡ್ ಮಾಡಿದ್ದು ಹಳೆಯದರಲ್ಲಿ ಸಾಮಾನ್ಯವಾಗಿ ಓಡದು, ಹಳೆಯದರಲ್ಲಿ ಮಾಡಿದ್ದು ಹೊಸದರಲ್ಲಿ ಓಡುತ್ತದೆ. ಎಲ್ಲ ಕಡೆ ಹಂಚಬೇಕಾದ್ದನ್ನು ನಾನು ಹಳೆಯ ಡಿಸ್ಟ್ರೋದ ಕಂಟೇನರ್‌ನಲ್ಲೇ ಬಿಲ್ಡ್ ಮಾಡುವುದು ಇದಕ್ಕೇ. ಜಿಲಿಬ್‌ಸಿಯ ಮುಖ್ಯ ಫೈಲ್ ‘ಲಿಬ್‌ಸಿ.ಎಸ್ಒ.6’ ಅನ್ನು ಬೇರೆ ಯಂತ್ರದಿಂದ ತಂದು ಇದ್ದದ್ದರ ಮೇಲೆ ಮಾತ್ರ ಹಾಕಬೇಡಿ. ಅದು ಹಾಳಾದರೆ ‘ಎಲ್ಎಸ್’ ಕೂಡ ಓಡದು, ಸರಿಪಡಿಸಲು ಯುಎಸ್‌ಬಿಯಿಂದ ಬೂಟ್ ಮಾಡಬೇಕಾಗುತ್ತದೆ.

‘ಎಲ್‌ಡಿ_ಲೈಬ್ರರಿ_ಪಾಥ್’ ಪರೀಕ್ಷೆಗೆ ಒಳ್ಳೆಯದು, ಶೆಲ್ ಶುರುವಾದಾಗ ಓದುವ ಬ್ಯಾಶ್‌ಆರ್‌ಸಿಯಲ್ಲಿ ಬರೆದಿಟ್ಟರೆ ಕಾಟ. ಸುಡೊ ಅದನ್ನು ಕಿತ್ತುಹಾಕುತ್ತದೆ. ಹಿನ್ನೆಲೆಯಲ್ಲಿ ಓಡುವ ಸಿಸ್ಟಮ್‌ಡಿ ಸರ್ವಿಸ್‌ಗೂ ಗೊತ್ತುಪಡಿಸಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ಗೂ ನಿಮ್ಮ ಬ್ಯಾಶ್‌ಆರ್‌ಸಿ ಗೊತ್ತೇ ಇಲ್ಲ. ಸರ್ವಿಸ್ ಸ್ಟೇಟಸ್ 127 ಎಂದು ಬಿದ್ದಿದ್ದರೆ ಮೊದಲು ಇದನ್ನೇ ಶಂಕಿಸಿ. 80ನೇ ಪೋರ್ಟ್ ಬಳಸಲೆಂದು ‘ಸೆಟ್‌ಕ್ಯಾಪ್’ನಿಂದ ವಿಶೇಷ ಅಧಿಕಾರ ಕೊಟ್ಟ ಬೈನರಿಗೆ ಲೋಡರ್ ಈ ವೇರಿಯಬಲ್ಲನ್ನು ಬೇಕೆಂದೇ ಕಡೆಗಣಿಸುತ್ತದೆ. ಇವೆಲ್ಲಕ್ಕಿಂತ ಕೆಟ್ಟದ್ದು, ಅದೇ ಶೆಲ್‌ನಿಂದ ಓಡುವ ಬೇರೆ ಪ್ರೋಗ್ರಾಂಗಳೂ ಆ ಫೋಲ್ಡರಿನ ಹಳೆಯ ಲೈಬ್ರರಿಗಳನ್ನು ಎತ್ತಿಕೊಳ್ಳುವುದು. ‘ಜಿಲಿಬ್‌ಸಿಎಕ್ಸ್ಎಕ್ಸ್_3.4.30 ನಾಟ್ ಫೌಂಡ್’ ಕಂಡಾಗ ನಾನು ಮೊದಲು ನೋಡುವುದು ಕೊಂಡಾ (ಪೈಥಾನ್ ಮುಂತಾದವುಗಳ ಪ್ಯಾಕೇಜ್ ಸಾಧನ) ಪರಿಸರದ ಹಳೆಯ ಸಿ++ ಲೈಬ್ರರಿ ‘ಲಿಬ್ಎಸ್‌ಟಿಡಿಸಿ++’ ಮುಂದೆ ಬಂದು ಕೂತಿದೆಯೇ ಎಂದು.

ಶಾಶ್ವತ ವ್ಯವಸ್ಥೆ ಬೇಕಿದ್ದರೆ ದಾರಿಯನ್ನು ಬೈನರಿಯೊಳಗೇ ಬರೆಯಿರಿ: ‘ಪ್ಯಾಚ್‌ಎಲ್ಫ್ --ಸೆಟ್-ಆರ್‌ಪಾಥ್ '$ಒರಿಜಿನ್/../ಲಿಬ್'’. ಅದರ ಮುಂದೆ ಬೈನರಿಯ ಹೆಸರು. ‘$ಒರಿಜಿನ್’ ಎಂದರೆ ಆ ಬೈನರಿ ಇರುವ ಫೋಲ್ಡರ್. ಸಿಂಗಲ್ ಕೋಟ್ ತಪ್ಪಬಾರದು. ಇಲ್ಲದಿದ್ದರೆ ಶೆಲ್ ‘$ಒರಿಜಿನ್’ ಅನ್ನು ಖಾಲಿ ಮಾಡಿ ಕಳಿಸುತ್ತದೆ. ಆಜ್ಞೆಯ ಹೆಸರಿನಲ್ಲಿ ಆರ್‌ಪಾಥ್ ಇದ್ದರೂ ಅದು ಬರೆಯುವುದು ರನ್‌ಪಾಥ್, ಮತ್ತು ರನ್‌ಪಾಥ್ ನೇರವಾಗಿ ಕೇಳಿದ ಲೈಬ್ರರಿಗಳಿಗಷ್ಟೇ ಅನ್ವಯ. ಆ ಲೈಬ್ರರಿ ಕೇಳುವ ಮತ್ತೊಂದಕ್ಕೆ ಅದರೊಳಗೂ ಬೇರೆಯಾಗಿ ಬರೆಯಬೇಕು. ಅರ್ಧ ಸರಿಯಾಗಿ ಅರ್ಧ ಕೈಕೊಡುವುದು ಇಲ್ಲೇ.

ಉಳಿದವು ಸಣ್ಣವು. ‘ರಾಂಗ್ ಎಲ್ಫ್ ಕ್ಲಾಸ್’ ಎಂದರೆ 32 ಮತ್ತು 64 ಬಿಟ್ ಬೆರೆತಿವೆ. ‘ಫೈಲ್ ಟೂ ಶಾರ್ಟ್’ ಎಂದರೆ ಕಾಪಿ ಅರ್ಧಕ್ಕೆ ನಿಂತಿದೆ. ‘ಫೇಲ್ಡ್ ಟು ಮ್ಯಾಪ್ ಸೆಗ್ಮೆಂಟ್’ ಬಂದರೆ ‘/ಟಿಎಂಪಿ’ ನೋಎಕ್ಸೆಕ್ (ಅಲ್ಲಿಂದ ಏನನ್ನೂ ಓಡಿಸಕೂಡದು) ಎಂದು ಮೌಂಟ್ ಆಗಿದೆಯೇ ನೋಡಿ. ಪ್ರೋಗ್ರಾಂ ಕಣ್ಣೆದುರಿಗಿದ್ದೂ ಶೆಲ್ ‘ನಾಟ್ ಫೌಂಡ್’ ಎಂದರೆ ಇಲ್ಲದಿರುವುದು ಅದರ ಲೋಡರ್. ‘ರೀಡ್‌ಎಲ್ಫ್ -ಎಲ್’ನಲ್ಲಿ ಇಂಟರ್‌ಪ್ರಿಟರ್ ಸಾಲು ನೋಡಿ. ಆಲ್ಪೈನ್ ಕಂಟೇನರ್‌ನಲ್ಲಿ ಉಬುಂಟು ಬೈನರಿ ಓಡಿಸಿದಾಗ ಆಗುವುದು ಇದೇ, ಏಕೆಂದರೆ ಅಲ್ಲಿ ಇರುವುದು ಮಸಲ್ ಎಂಬ ಬೇರೆ ಸಿ ಲೈಬ್ರರಿ, ಜಿಲಿಬ್‌ಸಿ ಅಲ್ಲ.

ಟೆಸೆರಾಕ್ಟ್ ವಿಷಯಕ್ಕೆ ಬಂದರೆ, ಎಲ್‌ಡಿಕಾನ್ಫಿಗ್ ಆದ ಮೇಲೆ ಬರುವ ಮುಂದಿನ ದೂರು ‘ಎರರ್ ಓಪನಿಂಗ್ ಡೇಟಾ ಫೈಲ್’. ಅದು ಲೈಬ್ರರಿ ತಕರಾರಲ್ಲ. ಉಬುಂಟುವಿನ ಪ್ಯಾಕೇಜ್ ಸಾಧನ ಆಪ್ಟ್ ತಂದ ಕನ್ನಡದ ಭಾಷಾ ಡೇಟಾ ಫೈಲ್ ‘ಕನ್.ಟ್ರೇನ್ಡ್‌ಡೇಟಾ’ 4ನೇ ಆವೃತ್ತಿಯ ಡೈರೆಕ್ಟರಿಯಲ್ಲಿರುತ್ತದೆ; ನಾವು ಬಿಲ್ಡ್ ಮಾಡಿದ 5 ಹುಡುಕುವುದು ‘/ಯುಎಸ್ಆರ್/ಲೋಕಲ್/ಶೇರ್/ಟೆಸ್‌ಡೇಟಾ’ದಲ್ಲಿ. ಆ ಫೈಲನ್ನು ಅಲ್ಲಿಗೆ ಕಾಪಿ ಮಾಡಿದರೆ ಸಾಕು.